ಎವಾಲ್ಡ್‌ನ ಕಿಟಕಿಯಲ್ಲಿ ಒರೆಸುವ ಬಟ್ಟೆ

"ಆ ಕಿಟಕಿ ಅಮ್ಮಾ, ಮೂರನೇ ಮಹಡಿ, ಎಡಗಡೆಯದು. ನೆಲ ಒರೆಸೋ ಬಟ್ಟೆ ಅಲ್ಲೇ ನೇತಾಡ್ತಿತ್ತು. ಕ್ರೋಪ್ ಕಿಟಕಿಯಲ್ಲಿ ಒರೆಸೋ ಬಟ್ಟೆನಾ ಅಂತ ನಾನು ಬಾಯಿ ಮೇಲೆ ಕೈ ಇಟ್ಕೊಂಡೆ."

ಪೀಪರ್ ಅಜ್ಜಿ ಕಲ್ಲಿದ್ದಲಿನ ಬಕೆಟ್ಟನ್ನು ಕೆಳಗಿಟ್ಟು, ಮಸಿ ಹಿಡಿದ ಬೆರಳನ್ನು ಮೇಲಕ್ಕೆತ್ತಿ ತೋರಿಸಿದಳು. ಆ ವಠಾರದ ಮೆಟ್ಟಿಲು ಗುಡಿಸುವುದು, ಹೊರಬಾಗಿಲು ಕಾಯುವುದು, ಯಾರ ಮನೆಗೆ ಯಾರು ಬಂದರೆಂದು ನೋಡುವುದು ಎಲ್ಲ ಅವಳದೇ. ಮೊದಲ ಎರಡಕ್ಕೆ ಸಂಬಳ ಬರುತ್ತಿತ್ತು, ಕೊನೆಯದನ್ನು ಖುಷಿಗೆ ಮಾಡುತ್ತಿದ್ದಳು.

"ಯಾವತ್ತು ನೋಡಿದ್ದು?"

"ಭಾನುವಾರ, ಮಧ್ಯಾಹ್ನದ ಊಟ ಆದ್ಮೇಲೆ. ಅವತ್ತೇ ತಾನೇ ಪಾಪ ಆ ಮನುಷ್ಯ..." ಅಜ್ಜಿ ಸೆರಗಿನಂತೆ ಕಟ್ಟಿಕೊಂಡಿದ್ದ ತಲೆಬಟ್ಟೆಯ ತುದಿಯಿಂದ ಮೂಗೊರೆಸಿಕೊಂಡಳು.

ಅಚ್ಚುಮೊಳೆ ಜೋಡಿಸುವ ಎವಾಲ್ಡ್ ಕ್ರೋಪ್ ಭಾನುವಾರ ಸಂಜೆ ಗ್ಯಾಸ್ ತುಂಬಿದ ತನ್ನ ಅಡುಗೆಮನೆಯಲ್ಲಿ ಹೆಣವಾಗಿ ಸಿಕ್ಕಿದ್ದ. ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು, ಬೀಗದ ಕೈ ನಾಪತ್ತೆ. ಸಾಯಲು ಹೊರಟವನು ಹೊರಗಿನಿಂದ ಬೀಗ ಹಾಕಿಕೊಂಡದ್ದು ಹೇಗೆ ಎಂದು ಕೇಳಿದ್ದಕ್ಕೆ ನನ್ನ ಮೇಲಧಿಕಾರಿ ಮೇಜರ್, "ಆತ್ಮಹತ್ಯೆ ಅಂತ ಬರೆದು ಕೈ ತೊಳ್ಕೊಳ್ಳಿ, ಟೆಶ್. ಈ ಪೊಲೀಸ್ ಕೆಲಸದಲ್ಲಿ ನಿಮ್ಮಷ್ಟು ಹಠ ಇರೋ ಹೆಂಗಸನ್ನ ನಾನು ನೋಡಿಲ್ಲ" ಎಂದಿದ್ದರು.

"ಒಂದು ಒರೆಸೋ ಬಟ್ಟೆಗೆ ಯಾಕಜ್ಜಿ ಇಷ್ಟು ಆಶ್ಚರ್ಯ?"

"ಅಯ್ಯೋ, ನಿಮಗೇನು ಗೊತ್ತು! ಹೆಂಡತಿ ಇಲ್ಲದ ಗಂಡಸು, ಆದ್ರೆ ಯಾವ ಹೆಂಗಸಿಗೂ ಕಮ್ಮಿ ಇಲ್ಲ. ಬಟ್ಟೆ ಹಿಂಡಿ, ಕೊಡವಿ, ಬಕೆಟ್ ಅಂಚಿಗೆ ಹಾಕೋನು. ಯುದ್ಧ ಮುಗಿದಾಗಿಂದ ಆ ಕಿಟಕಿಯಲ್ಲಿ ಒಂದು ಕಾಲುಚೀಲ ಸಹ ಕಂಡಿಲ್ಲ. ನಮ್ಮ ಮನೆ ಹಾಸಿಗೆ ಕಿಟಕಿಗೆ ಹಾಕಿದ್ರೆ ಮುಖ ಸಿಂಡರಿಸ್ತಿದ್ದ, ಗೊತ್ತಾ?"

ನಾನು ತಲೆಯೆತ್ತಿ ಆ ಕಿಟಕಿಯನ್ನು ಮತ್ತೊಮ್ಮೆ ನೋಡಿದೆ.

ಹಿಟ್ಲರನ ಕಾಲದಲ್ಲಿ ನಮ್ಮ ಮನೆಯ ಕಿಟಕಿಯಲ್ಲಿ ಒಂದು ಹೂಕುಂಡ ಇರುತ್ತಿತ್ತು. ಅದು ಎಡಕ್ಕಿದ್ದರೆ ಅಪ್ಪನ ಸಂಗಾತಿಗಳು ಮೇಲೆ ಬರುತ್ತಿದ್ದರು, ಬಲಕ್ಕಿದ್ದರೆ ಬೀದಿಯಲ್ಲೇ ಮುಂದಕ್ಕೆ ನಡೆದುಬಿಡುತ್ತಿದ್ದರು. ನಮ್ಮ ಕಮ್ಯುನಿಸ್ಟ್ ಪಕ್ಷ ಕಾನೂನುಬಾಹಿರವಾಗಿದ್ದ ಆ ದಿನಗಳಲ್ಲಿ ಬರ್ಲಿನ್ನಿನ ಪ್ರತಿ ಗುಂಪಿಗೂ ಇಂಥದೊಂದು ಗುರುತಿತ್ತು. ಎವಾಲ್ಡ್‌ನ ಗುಂಪಿನದು ಒರೆಸುವ ಬಟ್ಟೆಯೇ ಇರಬೇಕು: ಅದು ನೇತಾಡಿದರೆ ಅಪಾಯ, ಮೇಲೆ ಬರಬೇಡಿ. ಅವನು ಹದಿಮೂರು ವರ್ಷ ಆ ಕಿಟಕಿಯನ್ನು ಖಾಲಿ ಇಟ್ಟುಕೊಂಡದ್ದು ಶುಚಿತ್ವಕ್ಕಲ್ಲ.

"ಅಜ್ಜಿ, ಆಗ ಅಂಗಳದಲ್ಲಿ ಬೇರೆ ಯಾರಾದರೂ ಇದ್ರಾ?"

"ಒಬ್ಬ ಸಾಹೇಬ ಇದ್ದ. ಕಮಾನಿನ ಕೆಳಗೆ. ಒಳ್ಳೆ ಕೋಟು, ಕೈಯಲ್ಲಿ ಒಂದು ಪೊಟ್ಟಣ. ತಲೆ ಎತ್ತಿ ಒಂದು ಸಲ ನೋಡಿದ. ಆಮೇಲೆ ವಿಳಾಸ ತಪ್ಪಿ ಬಂದವನ ಥರ ತಿರುಗಿಕೊಂಡು ಹೋದ."

"ಮೇಲೆ ಹತ್ತಲಿಲ್ಲ?"

"ಹತ್ತಿದ್ರೆ ನನ್ನ ಬಾಗಿಲ ಮುಂದೆ ಹಾದೇ ಹೋಗ್ಬೇಕಲ್ಲಮ್ಮಾ!"

"ಅವನಿಗಿಂತ ಮುಂಚೆ ಯಾರಾದ್ರೂ ಹತ್ತಿದ್ರಾ?"

ಅಜ್ಜಿಗೆ ಸ್ವಲ್ಪ ಅವಮಾನವಾಯಿತು. "ಅದು ಗೊತ್ತಿಲ್ಲ. ಊಟ ಮಾಡ್ತಿದ್ದೆ, ಆ ಸಾಹೇಬ ಹೋದ್ಮೇಲೆ ಒಂದು ನಿದ್ದೆ ತೆಗೆದೆ. ಮನುಷ್ಯರು ಉಣ್ಣಬಾರದಾ, ಮಲಗಬಾರದಾ?"

*

ಒಳ್ಳೆ ಕೋಟಿನ ಸಾಹೇಬ ಯಾರೆಂದು ಹುಡುಕುತ್ತ ಅಲೆಯಬೇಕಾಗಿರಲಿಲ್ಲ. ಎವಾಲ್ಡ್‌ನ ಗುಂಪಿನಲ್ಲಿ ಇದ್ದವರು ಮೂರೇ ಜನ. ರಾತ್ರಿಯಿಡೀ ಅವನ ಅಡುಗೆಮನೆಯಲ್ಲಿ ಯುದ್ಧವಿರೋಧಿ ಕರಪತ್ರ ಅಚ್ಚು ಹಾಕುತ್ತಿದ್ದವರು. ಹೆನ್ನಿ ಎಂಬಾಕೆಯನ್ನು ಪ್ಲೋಟ್ಸೆನ್ಸೇ ಜೈಲಿನಲ್ಲಿ ತಲೆ ಕಡಿದು ಕೊಂದರು. ಎವಾಲ್ಡ್ ತಪ್ಪಿಸಿಕೊಂಡು ಬದುಕಿದ. ಮೂರನೆಯವನು ಆಲ್ವಿನ್ ಹಾರ್ಟುಂಗ್. ಹಿಟ್ಲರನ ಗುಪ್ತ ಪೊಲೀಸರಾದ ಗೆಸ್ಟಾಪೊದವರು ಅವನ ಬಲಗೈಯ ಎರಡು ಬೆರಳು ಮುರಿದರು, ಅವನು ಒಂದು ಹೆಸರನ್ನೂ ಹೇಳಲಿಲ್ಲ ಎಂದು ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ಪಾಠ ಮಾಡುತ್ತಾರೆ. ಯುದ್ಧ ಮುಗಿದ ಮೇಲೆ ಅದೇ ಕೈಯಿಂದ ಬುಕಾರೆಸ್ಟಿನಲ್ಲೂ ವಾರ್ಸಾದಲ್ಲೂ ನಮ್ಮ ಹೊಸ ಸಮಾಜವಾದಿ ದೇಶದ ಪರವಾಗಿ ಸಹಿ ಹಾಕಿದ. ಭಾನುವಾರ ಮನೆಯಿಂದ ಹೊರಬಿದ್ದೇ ಇಲ್ಲ ಎಂದು ನನಗೆ ಹೇಳಿದ್ದ ಅವನು ಮರುದಿನ ಬೆಳಗಿನ ರೈಲಿಗೆ ರಾಯಭಾರಿಯಾಗಿ ಬಲ್ಗೇರಿಯಾದ ಸೋಫಿಯಾಕ್ಕೆ ಹೊರಟಿದ್ದ.

ಆ ರೈಲು ಹತ್ತಿದನೆಂದರೆ ಅವನನ್ನು ಮುಟ್ಟುವ ಅಧಿಕಾರ ನನಗೂ ಇಲ್ಲ, ನನ್ನ ಮೇಜರಿಗೂ ಇಲ್ಲ.

ಆದರೆ ನನ್ನ ಚಿಂತೆ ಅವನದಲ್ಲ, ಮಾರ್ಲೀಸಳದು. ಹೆನ್ನಿಯ ಮಗಳು. ತಾಯಿಯನ್ನು ಕೊಂದಾಗ ಮಗುವನ್ನು ಅನಾಥಾಲಯಕ್ಕೆ ಹಾಕಿದ್ದರು. ಹಾರ್ಟುಂಗ್ ಜೈಲಿನಿಂದ ಹೊರಬಂದವನೇ ಕಾಲಿಗೆ ಚಿಂದಿ ಸುತ್ತಿಕೊಂಡು ಊರೂರು ಅಲೆದು ಆ ಹುಡುಗಿಯನ್ನು ಹುಡುಕಿ ತಂದ. ತನ್ನ ಪಾಲಿನ ಆಲೂಗಡ್ಡೆಯನ್ನು ಅವಳಿಗೆ ಹಾಕಿ ಸಾಕಿದ. ಮದುವೆ ಸಹ ಆಗಲಿಲ್ಲ. ಅವಳಿಗೀಗ ಇಪ್ಪತ್ತನಾಲ್ಕು, ಅಪ್ಪ, ಅಮ್ಮ, ಬಂಧು ಬಳಗ ಎಲ್ಲ ಅವನೊಬ್ಬನೇ. ಅವನು ಕೊಲೆಗಾರನೆಂದು ನಾನು ತೋರಿಸಿಕೊಟ್ಟರೆ ಆ ಹುಡುಗಿ ಎರಡನೇ ಸಲ ತಬ್ಬಲಿಯಾಗುತ್ತಾಳೆ.

ಹಾರ್ಟುಂಗ್ ಮನೆಯಿದ್ದ ಪಾಂಕೋವಿಗೆ ಹೋಗುವ ಟ್ರ್ಯಾಮಿನಲ್ಲಿ ಕುಳಿತು, ಅವನು ಅಲ್ಲ ಎಂದು ಗೊತ್ತಾಗಲಿ ಎಂದು ಹಾರೈಸಿಕೊಂಡೆ. ಪತ್ತೇದಾರಳಾಗಿ ಹಾಗೆ ಹಾರೈಸಬಾರದು, ಅದು ನನಗೂ ಗೊತ್ತು.

*

ಬಾಗಿಲು ತೆಗೆದವಳು ಮಾರ್ಲೀಸ್. ತೋಳು ಮಡಚಿದ್ದಳು, ಕೂದಲಿಗೆ ಹುಲ್ಲಿನ ಎಳೆ ಅಂಟಿತ್ತು. ಪಿಂಗಾಣಿ ತಟ್ಟೆಗಳನ್ನು ಹುಲ್ಲಿನಲ್ಲಿಟ್ಟು ಪೆಟ್ಟಿಗೆಗೆ ತುಂಬುತ್ತಿದ್ದಳು. ರಾಯಭಾರ ಕಚೇರಿಯಲ್ಲಿ ಬೆರಳಚ್ಚಿನ ಕೆಲಸಕ್ಕೆ ಅವಳೂ ಹೊರಟಿದ್ದಳು.

"ಬನ್ನಿ ಅಕ್ಕಾ. ಮಾಮ ಒಳಗಿದ್ದಾರೆ. ಕಾಫಿ ಕುಡೀರಿ, ಬಾರ್ಲಿ ಹುರಿದ ಮಾಲ್ಟ್ ನೀರಲ್ಲ, ನಿಜವಾದ ಕಾಫಿ. ಎವಾಲ್ಡ್ ಮಾಮನ ವಿಷಯ ಏನಾದ್ರೂ ಗೊತ್ತಾಯ್ತಾ?" ಎಂದಳು. ಕಣ್ಣು ಅತ್ತು ಊದಿತ್ತು.

ನಾನು ಅವಳ ಹಿಂದೆ ಒಳನಡೆದೆ.

ಗೋಡೆಯ ಚಿತ್ರಗಳನ್ನು ತೆಗೆದಿದ್ದರಿಂದ ಬಣ್ಣ ಮಾಸದ ಚೌಕಗಳು ಎದ್ದು ಕಾಣುತ್ತಿದ್ದವು. ಹಾರ್ಟುಂಗ್ ಬಾಗಿಲಿಗೆ ಎದುರಾಗಿ, ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದ. ಆ ಕಾಲದಲ್ಲಿ ಕದ್ದು ಬದುಕಿದವರೆಲ್ಲ ಎಲ್ಲಿ ಹೋದರೂ ಹಾಗೆಯೇ ಕೂರುತ್ತಾರೆ, ನನ್ನ ಅಪ್ಪನೂ ಸಾಯುವವರೆಗೆ ಹಾಗೆಯೇ ಕೂತ.

"ಮತ್ತೆ ಬಂದ್ರಾ, ಕಾಮ್ರೇಡ್ ಟೆಶ್? ನನ್ನ ಜೊತೆ ಬಲ್ಗೇರಿಯಾಕ್ಕೆ ಬರೋ ಯೋಚನೆ ಇದ್ರೆ ಹೇಳಿ. ಒಂದು ಪೆಟ್ಟಿಗೆ ಖಾಲಿ ಇದೆ."

"ನನ್ನ ಹಠ ಆ ಪೆಟ್ಟಿಗೇಲಿ ಹಿಡಿಯಲ್ಲ ಅಂತ ನಮ್ಮ ಮೇಜರ್ ಹೇಳ್ತಾರೆ."

ಅವನು ನಕ್ಕ. ನಾನು ನಗಲಿಲ್ಲ.

"ಭಾನುವಾರ ಇಡೀ ದಿನ ಮನೇಲೇ ಪುಸ್ತಕ ಕಟ್ತಾ ಇದ್ದೆ ಅಂದಿದ್ರಿ."

"ಹೌದು."

"ಎವಾಲ್ಡ್ ಮನೆ ಅಂಗಳದಲ್ಲಿ ನಿಮ್ಮನ್ನ ನೋಡಿದವರಿದ್ದಾರೆ. ಕಮಾನಿನ ಕೆಳಗೆ."

"ಬರ್ಲಿನ್ನಲ್ಲಿ ಇಂಥ ಕೋಟು ನಂದೊಂದೇನಾ?"

"ಕೋಟಿನ ವಿಷಯ ನಾನು ಎತ್ತಲೇ ಇಲ್ಲ."

ಅವನು ಮುರಿದು ಕೂಡಿಕೊಂಡಿದ್ದ ಆ ಎರಡು ಬೆರಳನ್ನು ಎಡಗೈಯಿಂದ ಹಿಡಿದುಕೊಂಡ. ಪಕ್ಕದ ಕೋಣೆಯಲ್ಲಿ ಪಿಂಗಾಣಿ ಸದ್ದು ಮಾಡುತ್ತಿತ್ತು.

"ಕಿಟಕೀಲಿ ಬಟ್ಟೆ ಇತ್ತು, ಕಾಮ್ರೇಡ್ ಹಾರ್ಟುಂಗ್. ಅದನ್ನ ಓದೋಕೆ ಬರೋದು ಇಬ್ಬರಿಗೇ. ಒಬ್ಬರನ್ನ ನಾಳಿದ್ದು ಮಣ್ಣು ಮಾಡ್ತಾರೆ."

ಆತ ಎದ್ದು ಬಾಗಿಲನ್ನು ಅರ್ಧ ಮುಚ್ಚಿ ಬಂದು ಕುಳಿತ. ಈಗ ಅವನ ಮುಖದಲ್ಲಿ ರಾಯಭಾರಿ ಇರಲಿಲ್ಲ. ಸೋತ ಒಬ್ಬ ಮುದುಕ ಇದ್ದ.

"ಹೋಗಿದ್ದೆ," ಎಂದ. "ಹೊರಡೋ ಮುಂಚೆ ಅವನ ಮನೇಲಿ ಕೂತು ಕಾಫಿ ಕುಡೀಬೇಕು ಅಂತ ಮಾತಾಗಿತ್ತು. ಕೇಕ್ ತಗೊಂಡು ಹೋದೆ. ಕಮಾನಿಗೆ ಬಂದಾಗ ಅಭ್ಯಾಸ, ತಲೆ ತಾನಾಗೇ ಮೇಲಕ್ಕೆ ಹೋಗತ್ತೆ. ಬಟ್ಟೆ ನೇತಾಡ್ತಿತ್ತು."

"ಆಮೇಲೆ?"

"ತಿರುಗಿ ನಡೆದೆ."

"ಅಷ್ಟೇನಾ?"

"ಅಷ್ಟೇ. ಅದು ನಿಯಮ. ಬಟ್ಟೆ ಕಂಡ್ರೆ ಮೇಲೆ ಹೋಗಬಾರದು. ಹಿಂದೆ ತಿರುಗಿ ನೋಡಬಾರದು. ಮತ್ತೆ ಬರಬಾರದು, ಯಾರನ್ನೂ ಕೇಳಬಾರದು, ಯಾರಿಗೂ ಹೇಳಬಾರದು. ಆ ನಿಯಮ ಪಾಲಿಸಿದ್ದಕ್ಕೇ ನಮ್ಮಲ್ಲಿ ಕೆಲವರಾದ್ರೂ ಉಳ್ಕೊಂಡ್ವಿ."

ನನಗೆ ಸಿಟ್ಟು ನೆತ್ತಿಗೇರಿತು. "ಇದು ಐವತ್ತೆಂಟನೇ ಇಸವಿ! ಸರ್ಕಾರ ನಿಮ್ಮದು, ಪೊಲೀಸು ನಿಮ್ಮದು. ನಿಮ್ಮ ಪ್ರಾಣಸ್ನೇಹಿತ ಅಪಾಯ ಇದೆ ಅಂತ ಬಟ್ಟೆ ಹಾಕ್ತಾನೆ, ನೀವು ಕೇಕ್ ಹಿಡ್ಕೊಂಡು ಮನೆಗೆ ಬರ್ತೀರಾ? ಮೂಲೆ ತಿರುಗಿದ್ರೆ ಪೊಲೀಸ್ ಠಾಣೆ ಇತ್ತಲ್ಲ!"

"ಗೊತ್ತು."

"ಒಳಗೆ ಯಾರಿದ್ದಾರೆ ಅಂದ್ಕೊಂಡ್ರಿ?"

ಅವನು ಅರ್ಧ ಮುಚ್ಚಿದ ಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ, ಮೇಜಿನ ಮೇಲಿನ ಸಕ್ಕರೆ ಡಬ್ಬಿಯನ್ನು ನೋಡುತ್ತ, "ನಮ್ಮವರೇ ಅಂದ್ಕೊಂಡೆ," ಎಂದ.

ಆ ಮಾತನ್ನು ಕೇಳಿಸಿಕೊಂಡದ್ದಕ್ಕೇ ನನಗೆ ತೊಂದರೆಯಾಗಬಹುದಿತ್ತು. ಯಾವ ದೇಶಕ್ಕಾಗಿ ಬೆರಳು ಮುರಿಸಿಕೊಂಡನೋ ಆ ದೇಶದ ಗುಪ್ತ ಪೊಲೀಸರೇ ತನ್ನ ಸ್ನೇಹಿತನ ಅಡುಗೆಮನೆಯಲ್ಲಿ ತನಗಾಗಿ ಕಾಯುತ್ತಿರಬಹುದೆಂದು ಅವನಿಗೆ ಅನ್ನಿಸಿತ್ತು. ಅನ್ನಿಸಿದ್ದು ಮಾತ್ರವಲ್ಲ, ಅದರಲ್ಲಿ ಅವನಿಗೆ ಆಶ್ಚರ್ಯವೂ ಕಂಡಿರಲಿಲ್ಲ.

"ಸಂಜೆ ಅವನು ಹೋದ ಅಂತ ಫೋನ್ ಬಂತು," ಎಂದ. "ಆವಾಗಿಂದ ಆ ಕೇಕ್ ಅಲ್ಲೇ ಇದೆ. ಬಿಸಾಡೋಕೂ ಆಗ್ತಿಲ್ಲ, ತಿನ್ನೋಕೂ ಆಗ್ತಿಲ್ಲ. ನಾನು ಮೆಟ್ಟಿಲು ಹತ್ತಿದ್ರೆ ಅವನು ಬದುಕಿರ್ತಿದ್ದ, ಟೆಶ್. ಬೇರೆ ಯಾವ ಮನುಷ್ಯ ಆಗಿದ್ರೂ ಹತ್ತಿರ್ತಿದ್ದ. ದಿನಸಿ ಅಂಗಡಿಯವನು ಹತ್ತಿರ್ತಿದ್ದ, ಹಾಲಿನವನು ಹತ್ತಿರ್ತಿದ್ದ. ಹತ್ತದೆ ಹೋಗೋಕೆ ಕಲಿತವನು ನಾನೊಬ್ಬ."

ಅವನ ಕಣ್ಣಲ್ಲಿ ನೀರಿತ್ತು. ನಾನು ನಂಬಿದೆ. ಪೀಪರ್ ಅಜ್ಜಿಯ ಮಾತಿಗೂ ಇದು ಹೊಂದುತ್ತಿತ್ತು: ಅವನು ಹತ್ತಲಿಲ್ಲ. ಅವನನ್ನು ಉಳಿಸಲೆಂದೇ ಎವಾಲ್ಡ್ ಬಟ್ಟೆ ಹಾಕಿದ್ದ. ಹಾಗಾದರೆ ಹಾರ್ಟುಂಗ್ ಕೊಲೆಗಾರನಲ್ಲ. ಮಾರ್ಲೀಸಳ ಮಾಮ ಮಾರ್ಲೀಸಳಿಗೇ ಉಳಿದ. ಟ್ರ್ಯಾಮ್ ಹತ್ತಿದಾಗಿನಿಂದ ಎದೆಯ ಮೇಲಿದ್ದ ಭಾರ ಇಳಿದಂತಾಗಿ ನಾನು ಕಾಫಿ ಲೋಟಕ್ಕೆ ಕೈ ಹಾಕಿದೆ.

ಪಕ್ಕದ ಕೋಣೆಯಲ್ಲಿ ಪಿಂಗಾಣಿಯ ಸದ್ದು ನಿಂತು ಎಷ್ಟು ಹೊತ್ತಾಗಿತ್ತೋ, ನಾವಿಬ್ಬರೂ ಗಮನಿಸಿರಲಿಲ್ಲ.

ಮಾರ್ಲೀಸ್ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಹುಲ್ಲಿನ ಹಿಡಿ ಹಾಗೆಯೇ ಇತ್ತು.

"ಅದು ಗುರುತಾ?" ಎಂದಳು. "ಆ ಬಟ್ಟೆ... ಅಪಾಯ ಅಂತಾನಾ ಅರ್ಥ?"

"ಒಳಗೆ ಹೋಗು ಮಗಳೇ," ಎಂದ ಹಾರ್ಟುಂಗ್.

"ಎವಾಲ್ಡ್ ಮಾಮ ಅದನ್ನ ನನ್ನ ಮುಂದೇನೇ ಹಾಕಿದ್ರು."

ಅವಳು ಒಂದು ಹೆಜ್ಜೆ ಒಳಗೆ ಇಟ್ಟಳು.

"ನಾನು ಕಾಫಿ ಚೆಲ್ಲಿಬಿಟ್ಟೆ. ಅವರು ನೆಲ ಒರೆಸಿದ್ರು, ಬಟ್ಟೆ ಹಿಂಡಿದ್ರು, ಕಿಟಕಿ ತೆಗೆದು ಹೊರಗೆ ಹಾಕಿದ್ರು. ಒಣಗ್ಲಿ ಅಂತ ಹಾಕಿದ್ರು ಅಂದ್ಕೊಂಡೆ." ಅವಳು ಕೈಯಲ್ಲಿದ್ದ ಹುಲ್ಲನ್ನು ಹಿಸುಕಿದಳು. "ಅಂದ್ರೆ ಅಪಾಯ ನಾನೇನಾ? ಎವಾಲ್ಡ್ ಮಾಮ ನನಗೆ ಹೆದರಿ ಹಾಕಿದ್ರಾ?"

ನಾನು ಲೋಟವನ್ನು ಕೆಳಗಿಟ್ಟೆ.

"ಭಾನುವಾರ ಹಾಡಿನ ತಂಡದ ಅಭ್ಯಾಸಕ್ಕೆ ಹೋಗಿದ್ದೆ ಅಂದಿದ್ದೆಯಲ್ಲ, ಮಾರ್ಲೀಸ್?"

"ಸುಳ್ಳು ಹೇಳಿದೆ ಅಕ್ಕಾ. ಮಾಮನಿಗೆ ಬೇಜಾರಾಗಬಾರದು ಅಂತ."

"ಯಾಕೆ ಹೋಗಿದ್ದೆ ಅಲ್ಲಿಗೆ?"

"ಒಂದು ಮಾತು ಕೇಳೋಕೆ." ಅವಳು ನನ್ನ ಕಡೆ ನೋಡಲೇ ಇಲ್ಲ, ಅವನನ್ನೇ ನೋಡುತ್ತಿದ್ದಳು. "ಹೋದ ತಿಂಗಳು ಅಮ್ಮನ ಕಾರ್ಖಾನೇಲಿ ಅವಳ ಹೆಸರಿನ ಕಲ್ಲು ನಿಲ್ಲಿಸಿದ್ರಲ್ಲ, ಅದರ ಮೇಲೆ ಅವಳನ್ನ ಹಿಡಿದ ದಿನ ಕೆತ್ತಿದ್ದಾರೆ. ನಿಮ್ಮನ್ನ ಹಿಡಿದ ಮಾರನೇ ಬೆಳಿಗ್ಗೆ, ಮಾಮ. ನೀವು ನನಗೆ ಯಾವಾಗಲೂ ಹೇಳ್ತಿದ್ರಿ, ಒಂದು ವಾರ ಆದ್ಮೇಲೆ, ಯಾರೋ ನೆರೆಯವರು ಚಾಡಿ ಹೇಳಿದ್ರು ಅಂತ."

ಆ ಹಳೆಯ ಲೆಕ್ಕ ನನಗೆ ಗೊತ್ತಿತ್ತು. ಆ ಕಾಲದವರ ಮನೆಯಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ಸಿಕ್ಕಿಬಿದ್ದವನು ಎಷ್ಟೇ ಹೊಡೆದರೂ ಒಂದು ರಾತ್ರಿ ಒಂದು ಹಗಲು ಬಾಯಿ ಬಿಡಬಾರದು. ಅಷ್ಟರಲ್ಲಿ ಉಳಿದವರು ಮನೆ ಖಾಲಿ ಮಾಡಿ ಓಡುತ್ತಾರೆ. ಆಮೇಲೆ ಹೇಳಿದರೆ ಅದು ತಪ್ಪಲ್ಲ. ಹಗಲು ಕಳೆಯುವ ಮುಂಚೆ ಹೇಳಿದರೆ ಅದಕ್ಕೆ ಕ್ಷಮೆಯಿಲ್ಲ.

ಹೆನ್ನಿಯನ್ನು ಹಿಡಿದದ್ದು ಮಾರನೇ ಬೆಳಿಗ್ಗೆ, ಆ ಹಗಲು ಕಳೆಯುವ ಮುಂಚೆ.

"ಎವಾಲ್ಡ್ ಮಾಮನ್ನ ಕೇಳಿದೆ. ಅವರು ಏನೂ ಹೇಳಲಿಲ್ಲ. ಅಳೋಕೆ ಶುರು ಮಾಡಿದ್ರು. ನೀವು ಕಾಫಿಗೆ ಬರ್ತೀರಿ ಅಂತಾನೂ ಹೇಳಲಿಲ್ಲ. ನೀವು ಅಲ್ಲಿ ನನ್ನ ಕೈಗೆ ಸಿಗಬಾರದು ಅಂತಾನೇ ಬಟ್ಟೆ ಹಾಕಿರ್ಬೇಕು. ನಾನು ಎದ್ದು ಬಂದೆ. ನಾನು ಬರುವಾಗ ಅವರು ಚೆನ್ನಾಗೇ ಇದ್ರು, ಅಕ್ಕಾ. ಬಾಗಿಲು ಎಳ್ಕೊಂಡು ಬಂದೆ, ಅಷ್ಟೇ. ಬೀಗ ಹಾಕಿಲ್ಲ. ದೇವರಾಣೆ ಅನ್ನೋಣ ಅಂದ್ರೆ ಈ ಮನೇಲಿ ದೇವರೂ ಇಲ್ಲ."

"ನೀನು ಹೊರಗೆ ಬಂದಿದ್ದನ್ನ ಯಾರಾದರೂ ನೋಡಿದ್ರಾ?"

ಅವಳು ಯೋಚಿಸಿದಳು. ಇಲ್ಲವೆಂದು ತಲೆಯಾಡಿಸಿದಳು.

ಅದರ ಅರ್ಥ ಏನೆಂದು ಅವಳಿಗೆ ಹೊಳೆಯಲಿಲ್ಲ. ನನಗೆ ಹೊಳೆಯಿತು, ಹಾರ್ಟುಂಗನಿಗೂ ಹೊಳೆಯಿತು. ಎವಾಲ್ಡ್ ಸಾಯುವ ಮುಂಚೆ ಆ ಅಡುಗೆಮನೆಯಲ್ಲಿ ಇದ್ದವಳೆಂದು ಯಾರ ಬಗ್ಗೆಯಾದರೂ ಹೇಳುವಂತಿದ್ದರೆ ಅದು ಅವಳೊಬ್ಬಳ ಬಗ್ಗೆಯೇ. ಸಿಟ್ಟಿತ್ತು, ಕಾರಣವಿತ್ತು, ಪೊಲೀಸರಿಗೆ ಹೇಳಿದ ಸುಳ್ಳೂ ಇತ್ತು. ನನ್ನ ಮೇಜರಿಗೆ ರಾಯಭಾರಿಯನ್ನು ಮುಟ್ಟಲು ಹೆದರಿಕೆ. ಬೆರಳಚ್ಚಿನ ಹುಡುಗಿಯನ್ನು ಒಳಗೆ ಹಾಕಲು ಯಾವ ಹೆದರಿಕೆ?

ಹಾರ್ಟುಂಗ್ ಎದ್ದು ನಿಂತ. ಕೋಟಿನ ಗುಂಡಿ ಹಾಕಿಕೊಂಡ. ದೊಡ್ಡವರ ಮುಂದೆ ಭಾಷಣ ಮಾಡುವ ಸ್ಪಷ್ಟ ದನಿಯಲ್ಲಿ ಹೇಳಿದ:

"ಬರ್ಕೊಳ್ಳಿ, ಟೆಶ್. ನಾನು ಮೇಲೆ ಹೋದೆ."

"ಏನು?"

"ಆಗಲೇ ಹೇಳಿದ್ದು ಸುಳ್ಳು. ಒಂದು ಸುತ್ತು ಹಾಕಿ ಹಿತ್ತಿಲ ಕಡೆಯಿಂದ ವಾಪಸ್ ಬಂದೆ. ಇವಳು ಹೋದ್ಮೇಲೆ ಹತ್ತಿದೆ. ನಮ್ಮಿಬ್ಬರಿಗೂ ಜಗಳ ಆಯ್ತು. ಅವನು ಬಿದ್ದ. ನಾನು ಗ್ಯಾಸ್ ತಿರುಗಿಸಿದೆ, ಬೀಗ ಹಾಕಿದೆ."

"ಬೀಗದ ಕೈ ಎಲ್ಲಿ?"

"ಸ್ಪ್ರೇ ನದೀಲಿ."

"ಯಾವ ಸೇತುವೆಯಿಂದ ಎಸೆದ್ರಿ?"

ಅವನು ತಡವರಿಸಿದ. ತೀರಾ ಸ್ವಲ್ಪ, ಆದರೆ ತಡವರಿಸಿದ. "ನೆನಪಿಲ್ಲ."

"ಎವಾಲ್ಡ್ ಹೆಣ ಎಲ್ಲಿ ಬಿದ್ದಿತ್ತು? ಒಲೆ ಹತ್ತಿರಾನಾ, ಕಿಟಕಿ ಹತ್ತಿರಾನಾ?"

"ಒಲೆ ಹತ್ತಿರ."

ಎವಾಲ್ಡ್ ಬಿದ್ದಿದ್ದದ್ದು ಬಾಗಿಲ ಹತ್ತಿರ. ಬಾಗಿಲಿನ ಒಳಗಡೆ ಅವನ ಉಗುರಿನ ಗೀರುಗಳಿದ್ದವು. ಅದು ಇನ್ನೂ ನನ್ನ ವರದಿಯಲ್ಲಿ ಮಾತ್ರ ಇತ್ತು.

"ನೀವು ಸುಳ್ಳು ಹೇಳ್ತಿದೀರಿ," ಎಂದೆ.

"ಸಹಿ ಹಾಕ್ತೀನಿ. ನನ್ನ ಸಹಿಗೆ ಎಷ್ಟು ಬೆಲೆ ಇದೆ ಅಂತ ನಿಮ್ಮ ಮೇಜರಿಗೆ ಗೊತ್ತು. ನನ್ನನ್ನ ಕರ್ಕೊಂಡು ಹೋಗಿ, ಈ ಮಗೂನ ಬಿಟ್ಟುಬಿಡಿ."

ಅವನು ಎರಡೂ ಕೈಯನ್ನು ನನ್ನ ಮುಂದೆ ಚಾಚಿದ. ನಾನು ಆ ಕೈಗಳನ್ನು ನೋಡುತ್ತ ನಿಂತೆ. ಬೇಡಿ ಹಾಕಿದರೆ ನಿರಪರಾಧಿಯೊಬ್ಬನನ್ನು ಮರಣದಂಡನೆಗೆ ಕಳಿಸುತ್ತೇನೆ. ಹಾಕದಿದ್ದರೆ ನಾಳೆ ಬೆಳಿಗ್ಗೆ ಇನ್ಯಾರೋ ಬಂದು ಈ ಹುಡುಗಿಗೆ ಹಾಕುತ್ತಾರೆ. ಎರಡರಲ್ಲಿ ಯಾವುದಕ್ಕೂ ನನ್ನ ಕೈ ಏಳಲಿಲ್ಲ. ಎವಾಲ್ಡ್‌ನ ಬಾಗಿಲಿಗೆ ನಿಜವಾಗಿ ಬೀಗ ಹಾಕಿದವನು ಊರಿನಲ್ಲಿ ಎಲ್ಲೋ ಆರಾಮವಾಗಿ ಓಡಾಡಿಕೊಂಡಿದ್ದ, ಅವನು ಯಾರೆಂದು ನನಗಿನ್ನೂ ಗೊತ್ತಿರಲಿಲ್ಲ.

ಮಾರ್ಲೀಸ್ ಕೈಯಲ್ಲಿದ್ದ ಹುಲ್ಲನ್ನು ಕೆಳಗೆ ಬಿಟ್ಟು ಅವನ ಎದುರಿಗೆ ಬಂದು ನಿಂತಳು. ಅವಳು ಅಳುತ್ತಿರಲಿಲ್ಲ. ಅದೇ ನನಗೆ ಹೆದರಿಕೆ ತಂದದ್ದು.

"ಮಾಮ," ಎಂದಳು, "ಮಾಡದ ಕೊಲೇನ ಇಷ್ಟು ಬೇಗ ಒಪ್ಕೊಂಡ್ರಿ. ಈಗ ಇದೊಂದನ್ನ ಹೇಳಿ. ಅಮ್ಮನ ಹೆಸರನ್ನ ಅವರಿಗೆ ಕೊಟ್ಟಿದ್ದು ಯಾರು?"

ಹಾರ್ಟುಂಗನ ಚಾಚಿದ್ದ ಕೈಗಳು ನಿಧಾನವಾಗಿ ಕೆಳಗಿಳಿದವು, ಮತ್ತು ಹದಿಮೂರು ವರ್ಷದಲ್ಲಿ ಮೊದಲ ಬಾರಿ ಅವನು ಆ ಹುಡುಗಿಗೆ ಬೆನ್ನು ತಿರುಗಿಸಿ ಗೋಡೆಯ ಕಡೆ ನಿಂತ.